ಎಕ್ಸ್‌ರೇ ಫಿಲ್ಮ್ ನೋಡಿದ್ರಿ ಸರಿ, ಭುಜ ಮುಟ್ಟಿದ್ರಾ?

ಇವತ್ತು ಸಿಟ್ಟಲ್ಲಿ ಬರೀತಿದ್ದೇನೆ. ಉದ್ದ ಆಗುತ್ತೆ. ರೀಲ್ಸ್ ನೋಡೋ ಮೂಡಲ್ಲಿರುವವರು ದಯವಿಟ್ಟು ಮುಂದೆ ಹೋಗಿ.

ಬೆಳಿಗ್ಗೆ ಕಡೂರು ಕಡೆಯ ರೈತರೊಬ್ಬರು ಹೆಂಡತಿ ಜೊತೆ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬಂದರು. ಕೈಯಲ್ಲಿ ಚೀಟಿ. 'ಫ್ರೋಜನ್ ಶೋಲ್ಡರ್, ಫಿಸಿಯೋಥೆರಪಿ' ಅಂತ ಬರೆದಿತ್ತು, ಅಂದರೆ ಭುಜದ ಕೀಲು ಬಿಗಿದುಕೊಳ್ಳೋ ಕಾಯಿಲೆ. ಪ್ಲಾಸ್ಟಿಕ್ ಕವರಿನಲ್ಲಿ ಒಂದೇ ಒಂದು ಎಕ್ಸ್‌ರೇ, ಮುಂದಿನಿಂದ ತೆಗೆದದ್ದು. ರಿಪೋರ್ಟಿನಲ್ಲಿ ನಾರ್ಮಲ್. ಚೀಟಿಯಲ್ಲಿ ಇದ್ದಂತೆ ಶಾಖ ಕೊಟ್ಟು, ಹಗ್ಗದ ರಾಟೆಯಲ್ಲಿ ಕೈ ಎಳೆಸಿ, ದುಡ್ಡು ತಗೊಂಡು ಕಳಿಸಿದ್ದರೆ ಯಾರೂ ಏನೂ ಕೇಳ್ತಿರಲಿಲ್ಲ.

"ಹೇಗೆ ಶುರುವಾಯ್ತು ಯಜಮಾನ್ರೆ?" ಅಂದೆ.

"ಮೋಟರ್ ಆನ್ ಮಾಡೋಕೆ ಹೋದೆ ಮೇಡಂ. ಸ್ಟಾರ್ಟರ್ ಬಾಕ್ಸಲ್ಲಿ ಕರೆಂಟ್ ಹೊಡೀತು. ಅವತ್ತಿಂದ ಈ ಕೈ ತಿರುಗ್ತಾನೇ ಇಲ್ಲ."

ಅಷ್ಟೇ. ಆ ಒಂದು ಮಾತಿನಲ್ಲಿ ಕಾಯಿಲೆ ಪೂರ್ತಿ ಇದೆ. ಕರೆಂಟ್ ಹೊಡೆದಾಗ, ಇಲ್ಲ ಫಿಟ್ಸ್ ಬಂದಾಗ, ಭುಜದ ಸುತ್ತಲಿನ ಸ್ನಾಯುಗಳೆಲ್ಲ ಒಟ್ಟಿಗೆ ಬಿಗಿದುಕೊಳ್ಳುತ್ತವೆ. ತೋಳನ್ನು ಒಳಕ್ಕೆ ತಿರುಗಿಸುವ ಸ್ನಾಯುಗಳಿಗೆ ಬಲ ಜಾಸ್ತಿ, ಹೊರಕ್ಕೆ ತಿರುಗಿಸುವುದಕ್ಕೆ ಕಮ್ಮಿ. ಬಲವಾದವು ಗೆಲ್ಲುತ್ತವೆ. ತೋಳಿನ ಮೂಳೆಯ ಗುಂಡು ಗೂಡಿನಿಂದ ಜಾರಿ ಹಿಂದಕ್ಕೆ ಹೋಗಿ ಕೂರುತ್ತೆ. ಸಾಮಾನ್ಯವಾಗಿ ಭುಜ ಜಾರೋದು ಮುಂದಕ್ಕೆ. ಹಿಂದಕ್ಕೆ ಜಾರೋದು 100ರಲ್ಲಿ 2ರಿಂದ 4 ಮಾತ್ರ. ಅಪರೂಪ, ಒಪ್ಪಿದೆ. ಆದರೆ ಕರೆಂಟ್ ಅಂದ ತಕ್ಷಣ ಅದನ್ನು ಯೋಚಿಸಬೇಕು ಅಂತ ಮೂಳೆ ಪುಸ್ತಕಗಳೆಲ್ಲ ಬಾಯಿ ಬಡ್ಕೊಳ್ತವೆ. ಯಾಕೆಂದರೆ ಮುಂದಿನಿಂದ ತೆಗೆದ ಎಕ್ಸ್‌ರೇಯಲ್ಲಿ ಗುಂಡೂ ಗೂಡೂ ಒಂದರ ಮೇಲೊಂದು ಕೂತು ಎಲ್ಲ ಸರಿಯಾಗೇ ಇದೆ ಅನಿಸುತ್ತೆ. ಗಮನವಿಟ್ಟು ನೋಡಿದರೆ ಗುಂಡಿನ ಆಕಾರ ಬಲ್ಬಿನ ಹಾಗೆ ದುಂಡಗಾಗಿರುತ್ತೆ. ಪುಸ್ತಕದಲ್ಲೂ ಅದಕ್ಕೆ ಬಲ್ಬಿನ ಹೆಸರೇ ಇದೆ. ಕರೆಂಟ್ ಹೊಡೆದವರ ಭುಜದಲ್ಲಿ ಬಲ್ಬ್! ನಗು ಬಂದರೆ ನಕ್ಕುಬಿಡಿ, ನನಗಂತೂ ಬರಲಿಲ್ಲ.

ಅಂಗಿ ಬಿಚ್ಚಿಸಿದೆ. ಭುಜದ ಮುಂಭಾಗ ಚಪ್ಪಟೆ, ಹಿಂದೆ ಉಬ್ಬು. ಮೊಣಕೈ ಪಕ್ಕೆಗೆ ಅಂಟಿಸಿ ಮುಂಗೈ ಹೊರಕ್ಕೆ ತಿರುಗಿಸಿ ಅಂದೆ. ಒಂದಿಂಚೂ ಇಲ್ಲ. ಇದಕ್ಕೆ ಎಷ್ಟು ಹೊತ್ತು ಹಿಡೀತು? ನೀವು ಈ ಪ್ಯಾರಾ ಓದುವಷ್ಟು.

ಪರಿಚಯದ ಮೂಳೆ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕಂಕುಳ ಕಡೆಯಿಂದ ಇನ್ನೊಂದು ಎಕ್ಸ್‌ರೇ ಬರೆದರು. ಅದೇ ಮಷಿನ್, ಬೇರೆ ಕೋನ, ಅಷ್ಟೇ ವ್ಯತ್ಯಾಸ. ಮಧ್ಯಾಹ್ನ ಫಿಲ್ಮ್ ಬಂತು. ಗುಂಡು ಗೂಡಿನ ಹಿಂದೆ ಆರಾಮಾಗಿ ಕೂತಿದೆ. ಎರಡು ತಿಂಗಳಿಂದ ಅಲ್ಲೇ ಇದೆ! ಅದರ ಮೇಲೇ ಆ ಮನುಷ್ಯ ಎಣ್ಣೆ ತಿಕ್ಕಿಸಿಕೊಂಡಿದ್ದಾರೆ, ಇಂಜೆಕ್ಷನ್ ಹಾಕಿಸಿಕೊಂಡಿದ್ದಾರೆ, ನೋವಿನ ಮಾತ್ರೆ ನುಂಗಿ ಹೊಟ್ಟೆ ಕೆಡಿಸಿಕೊಂಡಿದ್ದಾರೆ. ಮೊದಲ ವಾರದಲ್ಲೇ ಗೊತ್ತಾಗಿದ್ದರೆ ಅರಿವಳಿಕೆ ಕೊಟ್ಟು, ಕೊಯ್ಯದೆ ಎಳೆದು ಕೂರಿಸುವ ಅವಕಾಶ ಇತ್ತು. ಸುಮಾರು ಮೂರು ವಾರ ದಾಟಿದರೆ ಅದು ಕಷ್ಟ. ಈಗ ತೆರೆದು ಮಾಡುವ ಆಪರೇಷನ್. ಗುಂಡು ಗೂಡಿನ ಅಂಚಿಗೆ ಒತ್ತಿ ಒತ್ತಿ ಎಷ್ಟು ತಗ್ಗಾಗಿದೆ ಅಂತ ಸಿಟಿ ಸ್ಕ್ಯಾನ್ ಹೇಳಬೇಕು. ತೀರಾ ಜಾಸ್ತಿ ಹೋಗಿದ್ದರೆ ಕೃತಕ ಗುಂಡಿನವರೆಗೂ ಮಾತು ಹೋಗುತ್ತೆ.

ಈಗ ಕೆಲವರು ಬರ್ತೀರಿ, ಗೊತ್ತು. 'ಒಪಿಡಿಯಲ್ಲಿ ಎಷ್ಟು ಜನ ಇರ್ತಾರೆ ಗೊತ್ತಾ? ಡಾಕ್ಟರೂ ಮನುಷ್ಯರೇ. ಎಲ್ಲರಿಗೂ ಎಂಆರ್‌ಐ ಮಾಡಿಸೋಕಾಗುತ್ತಾ?' ಆಗಲ್ಲ. ಹಳ್ಳಿ ಬಸ್ಸುಗಳೆಲ್ಲ ಒಟ್ಟಿಗೆ ಬಂದ ಬೆಳಿಗ್ಗೆ ಒಪಿಡಿ ಹೇಗಿರುತ್ತೆ ಅಂತ ನಾನೂ ನೋಡಿದ್ದೇನೆ. ಇನ್ನೊಂದು ಮಾತನ್ನೂ ಅವರ ಪರವಾಗಿ ನಾನೇ ಹೇಳ್ತೀನಿ: ಈ ರೈತರಿಗೆ ಶುಗರ್ ಇದೆ, ವಯಸ್ಸು ಐವತ್ತರ ಆಚೆ. ಶುಗರ್ ಇದ್ದವರಿಗೆ ಫ್ರೋಜನ್ ಶೋಲ್ಡರ್ ಜಾಸ್ತಿ. ಅದರಲ್ಲೂ ಕೈ ಹೊರಕ್ಕೆ ತಿರುಗಲ್ಲ. ಸರಿ, ಎರಡೂ ಒಂದೇ ತರ ಕಾಣುತ್ತವೆ. ಆದರೆ ಫ್ರೋಜನ್ ಶೋಲ್ಡರ್ ವಾರಗಟ್ಟಲೆ ಮೆಲ್ಲಗೆ ಬರುತ್ತೆ ಸ್ವಾಮಿ, ಸ್ಟಾರ್ಟರ್ ಮುಟ್ಟಿದ ಕ್ಷಣಕ್ಕೆ ಬರಲ್ಲ! ನಾನು ಕೇಳ್ತಿರೋದು ಎಂಆರ್‌ಐ ಅಲ್ಲ. 'ಯಾವಾಗ ಶುರುವಾಯ್ತು' ಅನ್ನೋ ಒಂದು ಪ್ರಶ್ನೆ. ಒಂದು ಸಲ ಅಂಗಿ ಬಿಚ್ಚಿಸೋದು. ಇನ್ನೊಂದು ಕೋನದ ಫಿಲ್ಮ್. ಇದಕ್ಕೂ ಟೈಮಿಲ್ಲ ಅಂದರೆ ಟೋಕನ್ ಮಷಿನ್ ಪಕ್ಕದಲ್ಲೇ ಚೀಟಿ ಕೊಡುವ ಮಷಿನ್ನೂ ಇಟ್ಟುಬಿಡಿ. ಆಲ್ದೂರಿನಿಂದ ಎರಡು ಬಸ್ ಹತ್ತಿ ಬರುವವರಿಗೆ ಬೇಗ ಮನೆ ಸೇರುವ ಲಾಭವಾದರೂ ಸಿಗಲಿ.

ರಾಂಟ್ಜೆನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಅದಕ್ಕೂ ಮೊದಲು ಮೂಳೆ ನೋಡುವವರ ಹತ್ತಿರ ಇದ್ದದ್ದು ಕಣ್ಣು, ಕಿವಿ, ಕೈ. ಆ ಮೂರೂ ಈಗ ರಿಟೈರ್ ಆಗಿವೆ ಅನಿಸುತ್ತೆ. ಮೊನ್ನೆ ಒಬ್ಬರು ಮೊಬೈಲ್ ತೋರಿಸಿದರು. ಟ್ಯೂಬ್‌ಲೈಟಿಗೆ ಫಿಲ್ಮ್ ಹಿಡಿದು ತೆಗೆದ ಫೋಟೋ. ಫ್ಯಾನಿನ ನೆರಳೂ ಬಿದ್ದಿದೆ. ಅದನ್ನು ಡಾಕ್ಟರಿಗೆ ವಾಟ್ಸಾಪಿನಲ್ಲಿ ಕಳಿಸಿದರೆ ಆ ಕಡೆಯಿಂದ ಹೆಬ್ಬೆರಳು ಬಂದಿದೆ. ಚಿಕಿತ್ಸೆ ಮುಗೀತು!

ಕಾಳುಮೆಣಸು ಕೊಯ್ಯುವ ಕಾಲದಲ್ಲಿ ಈ ಸಂಕಟ ಇನ್ನೂ ಜಾಸ್ತಿ. ತೋಟದವರಿಗೆ ಹೇಳಬೇಕಾಗಿಲ್ಲ. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಒಂಟಿ ಬಿದಿರಿನ ಏಣಿ, ಮೇಲೆ ಕೊಯ್ಯುವವನು, ಸೊಂಟಕ್ಕೆ ಚೀಲ. ಏಣಿ ಜಾರಿದರೆ ನೆಟ್ಟಗೆ ಕಾಲಿನ ಮೇಲೆ ಬೀಳ್ತಾರೆ. ಹಿಮ್ಮಡಿ ಮೂಳೆ ಪುಡಿಯಾಗುತ್ತೆ. ಆ ಪೆಟ್ಟು ಹಿಮ್ಮಡಿಯಲ್ಲೇ ನಿಲ್ಲಲ್ಲ, ಕಾಲಿನಗುಂಟ ಏರಿ ಬೆನ್ನಿಗೆ ಹೋಗುತ್ತೆ. ಹೀಗೆ ಎತ್ತರದಿಂದ ಬಿದ್ದು ಹಿಮ್ಮಡಿ ಮುರಿದುಕೊಂಡವರಲ್ಲಿ ಹೆಚ್ಚುಕಡಿಮೆ 10ರಲ್ಲಿ ಒಬ್ಬರಿಗೆ ಬೆನ್ನುಮೂಳೆಗೂ ಏಟಾಗಿರುತ್ತೆ. ಹಿಮ್ಮಡಿ ಮುರಿದಿದ್ದರೆ ಬೆನ್ನು ನೋಡು ಅಂತ ಕಾಲೇಜಿನಲ್ಲೇ ತಲೆಗೆ ತುಂಬ್ತಾರೆ. ಹಿಮ್ಮಡಿಯ ನೋವು ಎಷ್ಟಿರುತ್ತೆ ಅಂದರೆ ಬೆನ್ನಿನ ನೋವನ್ನು ಬಿದ್ದವನು ಬಾಯಿಬಿಟ್ಟು ಹೇಳೋದೇ ಇಲ್ಲ. ಕೇಳಬೇಕು. ಅಂಗೈ ಇಟ್ಟು ನಡುಬೆನ್ನನ್ನು ಒಂದೊಂದೇ ಮಣಿ ಒತ್ತಿ ನೋಡಬೇಕು.

ಹೋದ ಸೀಸನ್ನಿನಲ್ಲಿ ತೋಟದ ಕೂಲಿಯವರ ಲೈನ್ ಮನೆಯ ಹುಡುಗನೊಬ್ಬ ಬಂದ. ಹಿಮ್ಮಡಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿತ್ತು, ಪಾದ ಬಿಗಿದಿತ್ತು. ಅದಕ್ಕೆ ವ್ಯಾಯಾಮ ಮಾಡಿಸಿ ಅಂತ ಚೀಟಿ. ಅವನು ಬೆಂಚಿನ ಮೇಲೆ ಬಗ್ಗಿ ಕೂರೋಕೇ ಒದ್ದಾಡ್ತಿದ್ದ. ಜೊತೆಗೆ ಬಂದ ಎಸ್ಟೇಟ್ ರೈಟರ್ ಮೆಲ್ಲಗೆ ನನ್ನ ಕಿವಿಯಲ್ಲಿ, "ಕೆಲಸಕ್ಕೆ ಬರೋಕೆ ಇಷ್ಟ ಇಲ್ಲ ಮೇಡಂ, ನಾಟಕ" ಅಂದರು. ನಾಟಕದವನ ಬೆನ್ನಿನ ಎಕ್ಸ್‌ರೇಯಲ್ಲಿ ಸೊಂಟದ ಮೊದಲ ಮಣಿ ಮುಂದುಗಡೆ ಕುಸಿದು ಕೂತಿತ್ತು. ವಾರಗಟ್ಟಲೆ ಆ ಬೆನ್ನಿನಲ್ಲೇ ನೀರಿನ ಕೊಡ ಹೊತ್ತಿದ್ದಾನೆ. ಕಾಲಿಗೆ ಶಕ್ತಿ ಹೋಗಿರಲಿಲ್ಲ, ಅವನ ಪುಣ್ಯ. ರೈಟರ್ ಆಮೇಲೆ ನನ್ನ ಕ್ಲಿನಿಕ್ ಕಡೆ ತಲೆ ಹಾಕಿಲ್ಲ.

ಇಲ್ಲೊಂದು ವಿಷಯ ಹೇಳಿಬಿಡ್ತೀನಿ. ಇಂಥದ್ದೆಲ್ಲ ನೋಡಿದಾಗ ನಾನು ಜೋರಾಗಿ ಮಾತಾಡಲ್ಲ. ನನ್ನ ಅನ್ನ ಡಾಕ್ಟರುಗಳ ಚೀಟಿಯಲ್ಲಿದೆ. ಒಬ್ಬರಿಗೆ ಮುನಿಸಾದರೆ ಮರುದಿನದಿಂದ ಆ ಕಡೆಯ ರೋಗಿಗಳು ಬೇರೆ ಕ್ಲಿನಿಕ್ಕಿಗೆ. ಹಾಗಾಗಿ 'ಸರ್, ಒಂದು ಸಣ್ಣ ಡೌಟು' ಅಂತ ನಾಜೂಕಾಗಿ ಶುರು ಮಾಡೋದನ್ನು ಚೆನ್ನಾಗಿ ಕಲಿತಿದ್ದೇನೆ. ನಮ್ಮೆಜಮಾನರು ಈ ಪೋಸ್ಟ್ ಹಾಕಬೇಡ ಅಂತ ಈಗಲೂ ಬಾಗಿಲಲ್ಲಿ ನಿಂತಿದ್ದಾರೆ.

ಅಮ್ಮನ ಕಥೆ ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು. ಬಚ್ಚಲಲ್ಲಿ ಜಾರಿದಳು. ತೊಡೆಸಂದಿಯಲ್ಲಿ ನೋವು. ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಏನಿಲ್ಲ, ನಡೆದಾಡಿಸಿ ಅಂದರು. ವಯಸ್ಸಾದವರ ಸೊಂಟದ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆ ಎಂಆರ್‌ಐಯಲ್ಲಿ ಮಾತ್ರ ಸಿಗೋದುಂಟು. ನಾನು ಆಗ ಬೆಂಗಳೂರಿನಲ್ಲಿದ್ದೆ. ಕಾಲು ಊರೋಕೆ ಆಗ್ತಿಲ್ಲ ಅಂತ ಅಮ್ಮ ಹೇಳ್ತಾನೇ ಇದ್ದಳಂತೆ. ಧೈರ್ಯ ಸಾಲದು ಅಂತ ಆಸ್ಪತ್ರೆಯವರು ವಾಕರ್ ಹಿಡಿಸಿ ನಡೆಸಿದರು. ಬಿರುಕು ಬಿಟ್ಟ ಮೂಳೆ ಸರಿದು ಬೇರೆಯಾಯ್ತು. ಮೂರು ಸ್ಕ್ರೂನಲ್ಲಿ ಮುಗಿಯಬಹುದಾಗಿದ್ದ ಕೆಲಸ ಅರ್ಧ ಕೀಲು ಬದಲಿಸುವಲ್ಲಿಗೆ ಬಂತು. ಹಾಗಾಗಿ ಹೌದು, ನನಗೆ ಈ ವಿಷಯದಲ್ಲಿ ತಲೆ ತಣ್ಣಗಿಲ್ಲ. ಇರೋದೂ ಬೇಡ.

ಆಪರೇಷನ್ ಆದಮೇಲಿನ ಕಥೆಯೂ ಇದೇ. 'ಪ್ಲೇಟ್ ಮುರೀತು, ಲೋಕಲ್ ಮಾಲ್ ಹಾಕಿದ್ದಾರೆ' ಅಂತ ಜನ ಬಯ್ಯುತ್ತಾರೆ. ಎಷ್ಟೋ ಸಲ ಪ್ಲೇಟಿನ ತಪ್ಪಲ್ಲ. ಮೂಳೆ ಕೂಡುವವರೆಗೆ ಭಾರ ಹಂಚಿಕೊಳ್ಳೋಕೆ ಲೋಹ ಇರೋದು. ಮೂಳೆ ಕೂಡದೇ ಹೋದರೆ ಪೂರ್ತಿ ಭಾರ ಲೋಹದ ಮೇಲೆ. ಎಂಥ ಒಳ್ಳೇ ಪ್ಲೇಟಾದರೂ ಒಂದು ದಿನ ಸೋತು ಮುರಿಯುತ್ತೆ. ಮೂಳೆ ಯಾಕೆ ಕೂಡಲಿಲ್ಲ ಅನ್ನೋದು ಪ್ರಶ್ನೆ. ಬೀಡಿಯಾ, ಶುಗರಾ, ಜೋಡಣೆ ಸಡಿಲವಾ, ಒಳಗೆ ಸೋಂಕಾ? ಸೋಂಕು ಅಂದರೆ ಯಾವಾಗಲೂ ಕೀವು ಸುರಿಯಬೇಕಾಗಿಲ್ಲ. ಕ್ರಿಮಿಗಳು ಲೋಹದ ಮೇಲೆ ಲೋಳೆ ಪದರ ಕಟ್ಟಿಕೊಂಡು ತಿಂಗಳುಗಟ್ಟಲೆ ಸುಮ್ನೆ ಕೂತಿರ್ತವೆ. ಜ್ವರ ಇಲ್ಲ, ಸೋಂಕಿನ ಸುಳಿವು ಕೊಡುವ ರಕ್ತದ ಪರೀಕ್ಷೆಗಳಾದ ಇಎಸ್‌ಆರ್, ಸಿಆರ್‌ಪಿ ಕೂಡ ಕೆಲವು ಸಲ ಸರಿಯಾಗೇ ಬರುತ್ತೆ. ಒಳಗಿನ ಸ್ಯಾಂಪಲ್ ಕಲ್ಚರಿಗೆ, ಅಂದರೆ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸುವ ಮುಂಚೆಯೇ ಆ್ಯಂಟಿಬಯೋಟಿಕ್ ನುಂಗಿಸಿಬಿಟ್ಟರೆ ಕಲ್ಚರಿನಲ್ಲೂ ಏನೂ ಬೆಳೆಯದೇ ಹೋಗಬಹುದು. ಉಳಿಯೋದು ಒಂದೇ ಸುಳಿವು: 'ಆಪರೇಷನ್ ಆಗಿ ಆರು ತಿಂಗಳಾಯ್ತು, ಕಾಲೂರಿದರೆ ಅದೇ ಜಾಗದಲ್ಲಿ ನೋವು.' ಅದಕ್ಕೆ ಉತ್ತರ ಏನು? ಫಿಲ್ಮಿನಲ್ಲಿ ಪ್ಲೇಟ್ ನೆಟ್ಟಗಿದೆಯಲ್ಲ, ನಡೀರಿ.

'ಅದಕ್ಕೇ ನಾವು ನಾಟಿ ಕಟ್ಟಿಗೆ ಹೋಗೋದು' ಅಂತ ಖುಷಿಪಡಬೇಡಿ. ಆಂಧ್ರದ ಪುತ್ತೂರಿಗೆ ಬಸ್ ಹತ್ತುವವರು ನಮ್ಮ ಕಡೆ ಇನ್ನೂ ಇದ್ದಾರೆ. ಬಿಗಿಯಾಗಿ ಬಿದಿರು ಕಡ್ಡಿ ಕಟ್ಟಿಸಿಕೊಂಡು ಬೆರಳು ಕಪ್ಪಾದ ಮಕ್ಕಳನ್ನೂ ನೋಡಿದ್ದೇನೆ. ಬಿಗಿ ಕಟ್ಟಿನಿಂದ ಸ್ನಾಯು ಸತ್ತು ಕೈ ಮುದುಡುವುದನ್ನು ಫೋಲ್ಕ್‌ಮನ್ ಅನ್ನೋ ಜರ್ಮನ್ ಡಾಕ್ಟರ್ 1881ರಲ್ಲೇ ಬರೆದಿಟ್ಟಿದ್ದಾರೆ. ಅಲ್ಲೂ ಮೊದಲ ಸೂಚನೆ ಮಗುವಿನ ಅಳುವೇ. ಬೆರಳು ಬಿಡಿಸಿದರೆ ಚೀರುವ ನೋವು. ಕೈ ಉಳಿಸಿಕೊಳ್ಳೋಕೆ ಇರೋದು ಕೆಲವೇ ಗಂಟೆ. 'ಮೂಳೆ ಮುರಿದ ಮೇಲೆ ಅಳದೇ ಇರುತ್ತಾ' ಅಂತ ಅಲ್ಲೂ ಕೇಳಿಸಿಕೊಳ್ಳಲ್ಲ. ಆದರೆ ಒಂದನ್ನು ಒಪ್ಪಲೇಬೇಕು. ನಾಟಿಯವರು ಮುಟ್ಟಿ ನೋಡ್ತಾರೆ. ಅದಕ್ಕೇ ಜನ ಅಲ್ಲಿ ಸಾಲು ನಿಲ್ಲೋದು. ತೊಡೆ ಮೂಳೆಗೆ ಹಾಕುವ ಥಾಮಸ್ ಸ್ಪ್ಲಿಂಟ್ ಮಾಡಿದ ಹ್ಯೂ ಓವನ್ ಥಾಮಸ್ ವೇಲ್ಸ್‌ನ ಮೂಳೆ ಕಟ್ಟುವವರ ಮನೆತನದವರು. ಡಾಕ್ಟರ್ ಓದಿದರು, ಆದರೆ ಮನೆಯವರ ಕೈಗುಣ ಬಿಡಲಿಲ್ಲ. ಓದಿದ ತಲೆಗೆ ಮುಟ್ಟುವ ಕೈಯೂ ಇರಬಹುದು ಅಂತಾಯ್ತಲ್ಲ.

ಈಗ ಕಾಮೆಂಟಿನಲ್ಲಿ 'ಯಾವ ಆಸ್ಪತ್ರೆ, ಯಾವ ಡಾಕ್ಟರ್' ಅಂತ ಕೇಳಬೇಡಿ. ಹೇಳಲ್ಲ. ಇನ್‌ಬಾಕ್ಸಿನಲ್ಲಿ ಕೇಳಿದರೂ ಹೇಳಲ್ಲ. ಅದರ ಬದಲು ಒಂದು ಕೆಲಸ ಮಾಡಿ. ಬಿದ್ದು ಎಕ್ಸ್‌ರೇ ತೆಗೆಸಿ, ಏನಿಲ್ಲ ಅಂತ ಕಳಿಸಿದರೆ, ಎದ್ದು ಬರುವ ಮುಂಚೆ 'ನೋವು ಹೋಗದಿದ್ದರೆ ಯಾವತ್ತು ವಾಪಸ್ ಬರಲಿ ಸರ್?' ಅಂತ ಕೇಳಿ, ಚೀಟಿಯ ಮೇಲೆ ತಾರೀಕು ಬರೆಸಿಕೊಳ್ಳಿ. ಕೈಯೂರಿ ಬಿದ್ದು, ಹೆಬ್ಬೆರಳಿನ ಬುಡದ ಗುಳಿಯಲ್ಲಿ ಒತ್ತಿದರೆ ನೋವಿರುವ ಹುಡುಗರಿಗಂತೂ ಇದು ಬೇಕೇ ಬೇಕು. ಅಲ್ಲಿರುವ ಸ್ಕೇಫಾಯ್ಡ್ ಅನ್ನೋ ಚಿಕ್ಕ ಮೂಳೆಯ ಬಿರುಕು ಎಷ್ಟೋ ಸಲ ಮೊದಲ ದಿನ ಕಾಣಲ್ಲ, 10-14 ದಿನ ಬಿಟ್ಟು ತೆಗೆದರೆ ಕಾಣುತ್ತೆ. ಅಲ್ಲಿವರೆಗೆ ಪಟ್ಟಿ ಹಾಕಿಸಿಕೊಂಡೇ ಇರಬೇಕು. ಫಿಲ್ಮನ್ನೂ ಕೇಳಿ ಇಸ್ಕೊಳ್ಳಿ, ದುಡ್ಡು ಕೊಟ್ಟಿದ್ದೀರಿ, ಅದು ನಿಮ್ಮದು. ಫ್ಯಾನಿನ ನೆರಳಿರೋ ಫೋಟೋ ನನಗೆ ಕಳಿಸಬೇಡಿ.