ಗುಳ್ಳೆಯ ಮಾತು, ಗಾಜಿನ ಕಡ್ಡಿಯ ಮಾತು

ಮೊದಲ ಸಲ ಮನೆಯಲ್ಲಿ ಬಿಯರ್ ಹುದುಗಲು ಇಟ್ಟವನ ಕಷ್ಟ ಶುರುವಾಗುವುದು ಅವನಿಗೆ ಮಾಡಲು ಕೆಲಸ ಉಳಿಯದೆ ಹೋದಾಗ. ಕುದಿಸುವ ದಿನ ಬೆವರು ಒರೆಸಿಕೊಳ್ಳುವುದಕ್ಕೂ ಬಿಡುವಿರುವುದಿಲ್ಲ. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ರಸ ಉಕ್ಕದಂತೆ ಕಾಯಬೇಕು, ಹೊತ್ತು ನೋಡಿ ಕಹಿ ಕೊಡುವ ಹಾಪ್ಸ್ ಹೂಗಳನ್ನು ಹಾಕಬೇಕು, ಕುದಿದದ್ದನ್ನು ಬೇಗನೆ ತಣಿಸಬೇಕು, ತಣಿದ ಮೇಲೆ ಅದಕ್ಕೆ ತಾಗುವ ಪ್ರತಿಯೊಂದು ಪಾತ್ರೆಯನ್ನೂ ಸೋಂಕು ತಗಲದಂತೆ ಶುದ್ಧ ಮಾಡಿರಬೇಕು. ಆಮೇಲೆ ಯೀಸ್ಟ್ ಉದುರಿಸಿ, ಬಕೆಟ್ಟಿನ ಮುಚ್ಚಳ ಬಿಗಿದು, ಅದರ ತೂತಿಗೆ, ಒಳಗಿನ ಅನಿಲವನ್ನು ಹೊರಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ ಏರ್‌ಲಾಕ್ ಎಂಬ ಸೊಟ್ಟ ನಳಿಗೆಯನ್ನು ಸಿಕ್ಕಿಸಿ, ಅದರೊಳಗೆ ಎರಡು ಚಮಚ ನೀರು ಹುಯ್ದು, ಎಲ್ಲವನ್ನೂ ಕತ್ತಲ ಮೂಲೆಗೆ ಸರಿಸಿದರೆ ಮನುಷ್ಯನ ಪಾತ್ರ ಮುಗಿಯಿತು. ಮುಂದಿನ ಎರಡು ವಾರ ಯೀಸ್ಟಿನವು. ನನ್ನ ಪಾಲಿಗೆ ಉಳಿದದ್ದು ನೋಡುವ ಕೆಲಸ ಮಾತ್ರ, ಅದನ್ನು ನಾನು ಅಗತ್ಯಕ್ಕಿಂತ ಬಹಳ ಹೆಚ್ಚು ಶ್ರದ್ಧೆಯಿಂದ ಮಾಡಿದೆ.

ಮೊದಲ ರಾತ್ರಿ ಏನೂ ಆಗಲಿಲ್ಲ. ಏರ್‌ಲಾಕಿನ ನೀರು ಹುಯ್ದಷ್ಟೇ ಮಟ್ಟದಲ್ಲಿ ನಿಶ್ಚಲವಾಗಿ ನಿಂತಿತ್ತು. ಎರಡು ಗಂಟೆಗೆ ಎದ್ದು ಟಾರ್ಚ್ ಹಿಡಿದು ನೋಡಿ ಬಂದು ಮಲಗಿದಾಗ, ಹೆಂಡತಿ ಕಣ್ಣು ತೆರೆಯದೆಯೇ, “ಏನು, ಉಸಿರಾಡುತ್ತಿದೆಯಂತೆಯೇ?” ಎಂದು ಕೇಳಿದಳು. ಯೀಸ್ಟ್ ರಸಕ್ಕೆ ಬಿದ್ದ ಗಳಿಗೆಯಲ್ಲೇ ದುಡಿಮೆಗೆ ಇಳಿಯುವುದಿಲ್ಲವೆಂದು ನಾನು ಓದಿಕೊಂಡೇ ಇದ್ದೆ. ಅದು ಮೊದಲು ರಸದಲ್ಲಿ ಕರಗಿರುವ ಆಮ್ಲಜನಕವನ್ನು ಹೀರಿಕೊಂಡು, ಜೀವಕೋಶದ ಪೊರೆಗೆ ಬೇಕಾದುದನ್ನು ಕೂಡಿಸಿಕೊಂಡು, ತನ್ನ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಹೊರಗೆ ಸುಳಿವು ಕಾಣಲು 12ರಿಂದ 24 ಗಂಟೆ ಬೇಕಾಗಬಹುದು, ಕೆಲವೊಮ್ಮೆ ಮೂರು ದಿನವೂ ಹಿಡಿಯಬಹುದು. ಆದರೆ ಓದಿಕೊಂಡದ್ದು ರಾತ್ರಿ ಎರಡು ಗಂಟೆಗೆ ಉಪಯೋಗಕ್ಕೆ ಬರುವುದು ಕಡಿಮೆ. 1516ರ ಜರ್ಮನಿಯ ಬವೇರಿಯಾದ ಪ್ರಸಿದ್ಧ ಕಟ್ಟಳೆ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇಷ್ಟೇ ಸಾಕೆಂದಿತು, ಯೀಸ್ಟಿನ ಹೆಸರನ್ನೇ ಎತ್ತಲಿಲ್ಲ. ಅಲ್ಲಿ ದುಡಿಯುವವರು ಯಾರೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದುದರಿಂದ ಅವರಿಗೆ ನಿದ್ದೆಯಾದರೂ ಬಂದಿರಬೇಕು.

ಮರುದಿನ ಸಂಜೆ ‘ಗುಳಕ್’ ಎಂಬ ಸದ್ದು ಕೇಳಿಸಿತು. ನಂತರದ ಅರ್ಧ ದಿನದಲ್ಲಿ ಅದು ಎರಡು ಸೆಕೆಂಡಿಗೊಮ್ಮೆ ಬರತೊಡಗಿತು. ನಾನು ಗಡಿಯಾರ ಹಿಡಿದು ನಿಮಿಷಕ್ಕೆ ಎಷ್ಟು ಗುಳ್ಳೆಗಳೆಂದು ಎಣಿಸಿ ಬರೆದಿಟ್ಟೆ. ಆ ಲೆಕ್ಕದಿಂದ ಏನು ಪ್ರಯೋಜನವೆಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ. 180 ಗ್ರಾಂ ಗ್ಲೂಕೋಸ್ ಪೂರ್ತಿಯಾಗಿ ಹುದುಗಿದರೆ ಸುಮಾರು 92 ಗ್ರಾಂ ಮದ್ಯಸಾರವೂ 88 ಗ್ರಾಂ ಇಂಗಾಲದ ಡೈಆಕ್ಸೈಡೂ ಬರುತ್ತವೆ. ಅಂದರೆ ಯೀಸ್ಟ್ ತಿಂದ ಸಕ್ಕರೆಯಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಆ ನಳಿಗೆಯ ದಾರಿಯಾಗಿ ಗಾಳಿಗೆ ಹೋಗುತ್ತದೆ. ಈ ಅನಿಲಕ್ಕೆ ಮನಸೋತವರಲ್ಲಿ ನಾನೇ ಮೊದಲಿಗನೇನಲ್ಲ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಬಿಯರ್ ತಯಾರಿಕೆಯ ಕಟ್ಟಡದ ಪಕ್ಕದಲ್ಲಿ ನೆಲೆಸಿದ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ, ಹುದುಗುವ ಬಾನಿಗಳ ಮೇಲೆ ತೇಲುತ್ತಿದ್ದ ಈ ಗಾಳಿಯನ್ನು ನೋಡುತ್ತ, ಪರೀಕ್ಷಿಸುತ್ತ, ಕೊನೆಗೆ ಅದನ್ನು ನೀರಿಗೆ ಬೆರೆಸಿ ಸೋಡಾ ಮಾಡುವ ವಿಧಾನವನ್ನು 1772ರಲ್ಲಿ ಪ್ರಕಟಿಸಿದ. ಅವನ ನೋಟದಿಂದ ಲೋಕಕ್ಕೆ ಸೋಡಾ ಸಿಕ್ಕಿತು. ನನ್ನ ನೋಟದಿಂದ ಒಂದು ಪುಟದ ತುಂಬ ಗೀಟುಗಳು.

ಐದನೆಯ ದಿನ ಸದ್ದು ನಿಂತಿತು. ಬಕೆಟ್ಟಿನ ಒಳಗೋಡೆಗೆ ಕಂದು ನೊರೆಯ ಒಣಗಿದ ಪಟ್ಟಿ ಅಂಟಿಕೊಂಡಿತ್ತು, ನೊರೆ ಮಾತ್ರ ಕುಸಿದಿತ್ತು. ಯೀಸ್ಟ್ ಸತ್ತಿತೆಂದೇ ನಾನು ತೀರ್ಮಾನಿಸಿದೆ. ನಿಜ ಹೇಳಬೇಕೆಂದರೆ ಗುಳ್ಳೆಯಷ್ಟು ನಂಬಿಕೆಗೆ ಅನರ್ಹನಾದ ಸಾಕ್ಷಿ ಇನ್ನೊಬ್ಬನಿಲ್ಲ. ಮುಚ್ಚಳದ ಅಂಚಿನಲ್ಲಿ ಕೂದಲೆಳೆಯಷ್ಟು ಸಂದಿಯಿದ್ದರೂ ಅನಿಲ ಅಲ್ಲಿಂದಲೇ ನುಸುಳಿ ಹೋಗುತ್ತದೆ, ಏರ್‌ಲಾಕ್ ಮೌನವಾಗಿ ನಿಂತಿರುತ್ತದೆ, ಒಳಗೆ ಕೆಲಸ ಭರದಿಂದ ಸಾಗಿರುತ್ತದೆ. ಅದಕ್ಕೆ ವಿರುದ್ಧವಾಗಿ ಹುದುಗುವಿಕೆ ಪೂರ್ತಿ ಮುಗಿದ ಮೇಲೂ ಕೋಣೆ ಸ್ವಲ್ಪ ಬೆಚ್ಚಗಾದರೆ ಸಾಕು, ಬಿಯರಿನಲ್ಲಿ ಕರಗಿದ್ದ ಅನಿಲ ಮೇಲೆದ್ದು ಮತ್ತೆ ಗುಳಕ್ ಎನಿಸುತ್ತದೆ. ಒಳಗಿನ ಸಕ್ಕರೆಯ ಸಂಗತಿ ತಿಳಿಯಬೇಕಾದರೆ ಹೈಡ್ರೋಮೀಟರನ್ನೇ ಕೇಳಬೇಕು.

ಹೈಡ್ರೋಮೀಟರ್ ಎಂದರೆ ಬುಡದಲ್ಲಿ ಭಾರವಿರುವ, ಕೊರಳಿನಲ್ಲಿ ಗೆರೆಗಳಿರುವ ಗಾಜಿನ ಕಡ್ಡಿ. ಸಕ್ಕರೆ ಹೆಚ್ಚಿರುವ ರಸದಲ್ಲಿ ಅದು ಮೇಲಕ್ಕೆ ತೇಲುತ್ತದೆ. ಸಕ್ಕರೆ ತೀರಿಹೋಗಿ ಅದರ ಜಾಗದಲ್ಲಿ ನೀರಿಗಿಂತ ಹಗುರವಾದ ಮದ್ಯಸಾರ ಬಂದಂತೆ ಕೆಳಕ್ಕೆ ಇಳಿಯುತ್ತದೆ. ನೀರಿಗೆ 1.000 ಎಂದಿಟ್ಟುಕೊಂಡರೆ, ಯೀಸ್ಟ್ ಹಾಕುವ ಮೊದಲು ನನ್ನ ರಸ 1.048 ತೋರಿಸಿತ್ತು. ಆರನೆಯ ದಿನ ಬಕೆಟ್ಟಿನ ಕೆಳಗಿನ ನಲ್ಲಿ ತಿರುಗಿಸಿದಾಗ ಮೊದಲು ಗಷ್ಟು ಬಂತು. ಅದರ ಹಿಂದೆಯೇ, ಬಕೆಟ್ಟಿನಲ್ಲಿ ತೆರವಾದ ಜಾಗವನ್ನು ತುಂಬಲು ಹೊರಗಿನ ಗಾಳಿ ಏರ್‌ಲಾಕಿನ ಮೂಲಕ ನುಗ್ಗಿ, ಅದರಲ್ಲಿದ್ದ ನೀರನ್ನೂ ಒಳಕ್ಕೆ ಎಳೆದುಕೊಂಡಿತು. ಗುಳ್ಳೆ ಹಿಂದಕ್ಕೂ ಹೋಗಬಲ್ಲದೆಂದು ನನಗೆ ತಿಳಿದದ್ದು ಹಾಗೆ. ಅಂದಿನಿಂದ ಏರ್‌ಲಾಕಿಗೆ ಕುದಿಸಿ ಆರಿಸಿದ ನೀರನ್ನೇ ಹುಯ್ಯುತ್ತೇನೆ, ನಲ್ಲಿ ತಿರುಗಿಸುವ ಮುನ್ನ ಅದನ್ನು ತೆಗೆದಿಡುತ್ತೇನೆ.

ಕಡ್ಡಿಯನ್ನು ಓದುವುದೂ ಒಂದು ಶಿಸ್ತು. ಎತ್ತರದ ಗಾಜಿನ ಕೊಳವೆಯಲ್ಲಿ ಬಿಯರ್ ತುಂಬಿ, ಕಡ್ಡಿಯನ್ನು ಇಳಿಬಿಟ್ಟು, ಅದಕ್ಕಂಟಿದ ಗುಳ್ಳೆಗಳು ಉದುರಿಹೋಗುವಂತೆ ಬೆರಳಿನಿಂದ ಒಮ್ಮೆ ತಿರುಗಿಸಬೇಕು. ಗುಳ್ಳೆ ಅಂಟಿಕೊಂಡಿದ್ದರೆ ಕಡ್ಡಿ ಮೇಲೆದ್ದು ಸುಳ್ಳು ಹೇಳುತ್ತದೆ. ಆಮೇಲೆ ಕಣ್ಣನ್ನು ದ್ರವದ ಮಟ್ಟಕ್ಕೆ ತರಲು ಮಂಡಿಯೂರಿ, ಗಾಜಿನ ಪಕ್ಕದಲ್ಲಿ ಮೇಲೇರಿದ ಅಂಚನ್ನು ಬಿಟ್ಟು, ನಡುವಿನ ಸಮತಲದ ಗೆರೆಯನ್ನು ಓದಬೇಕು. ಕಡ್ಡಿ 20 ಡಿಗ್ರಿಗೆಂದು ಹೊಂದಿಸಿದ್ದರೆ, ಅದಕ್ಕಿಂತ ಬಿಸಿಯಾದ ಬಿಯರಿನಲ್ಲಿ ಸಂಖ್ಯೆಯನ್ನು ಸ್ವಲ್ಪ ತಿದ್ದಿಕೊಳ್ಳಬೇಕು. ಇಷ್ಟೆಲ್ಲ ಆದ ಮೇಲೆ ನನ್ನ ‘ಸತ್ತ’ ಯೀಸ್ಟ್ 1.016 ತೋರಿಸಿತು. ಕೆಲಸದ ಬಹುಪಾಲನ್ನು ಅದು ನಾನು ಗುಳ್ಳೆ ಎಣಿಸುತ್ತಿದ್ದಾಗಲೇ ಮುಗಿಸಿತ್ತು.

ಕೊಳವೆಗೆ ತೆಗೆದ ಬಿಯರನ್ನು ಬಕೆಟ್ಟಿಗೆ ಮರಳಿ ಸುರಿಯಬಾರದು, ಸೋಂಕಿನ ಭಯ. ಚೆಲ್ಲಲು ಮನಸ್ಸಿಲ್ಲ, ಆದ್ದರಿಂದ ಕುಡಿಯುವುದೊಂದೇ ದಾರಿ. ಆ ದಿನದ್ದು ಬೆಚ್ಚಗೆ, ಸಪ್ಪೆಯಾಗಿ, ಕಾಯಿಸೇಬಿನ ವಾಸನೆಯಿಂದ ಕೂಡಿತ್ತು. ಹಿಂದೆಯೇ ಬೆಣ್ಣೆಯ ಒಂದು ಎಳೆ. ಹಾಳಾಯಿತೆಂದುಕೊಂಡೆ. ಆದರೆ ಸೇಬಿನ ವಾಸನೆ ತರುವ ಅಸಿಟಾಲ್ಡಿಹೈಡ್ ಆಗಲಿ, ಬೆಣ್ಣೆಯ ವಾಸನೆ ತರುವ ಡೈಅಸಿಟೈಲ್ ಆಗಲಿ ಅವಸರದಲ್ಲಿ ಬಿಟ್ಟುಹೋದ ಕೆಲಸದ ಗುರುತುಗಳು ಮಾತ್ರ. ಸಕ್ಕರೆ ಮುಗಿಯುತ್ತ ಬಂದಂತೆ ಯೀಸ್ಟ್ ಅವನ್ನೇ ಮತ್ತೆ ಒಳಗೆಳೆದುಕೊಂಡು ಬೇರೆ ವಸ್ತುಗಳಾಗಿ ಮಾರ್ಪಡಿಸುತ್ತದೆ. ಹೈಡ್ರೋಮೀಟರಿನ ಸಂಖ್ಯೆ ಇಳಿಯುವುದು ನಿಂತ ಮೇಲೂ ಕೆಲವು ದಿನ ಬಿಯರನ್ನು ಯೀಸ್ಟಿನ ಮೇಲೆಯೇ ಬಿಟ್ಟಿರಬೇಕೆನ್ನುವುದು ಇದಕ್ಕಾಗಿ. ಒಂಬತ್ತನೆಯ ದಿನ 1.012 ಬಂತು, ಬೆಣ್ಣೆ ಮಾಯವಾಗಿತ್ತು. ಸೇಬು ಇನ್ನೂ ಸ್ವಲ್ಪ ಉಳಿದಿತ್ತು, ಅಥವಾ ನಾನು ಅದನ್ನೇ ಹುಡುಕುತ್ತಿದ್ದುದರಿಂದ ಸಿಕ್ಕಿತು.

ಇಲ್ಲಿ ಅವಸರ ಮಾಡಿದರೆ ಅಪಾಯವಿದೆ, ಅದು ನಗುವ ಮಾತಲ್ಲ. ಲೀಟರಿಗೆ 4 ಗ್ರಾಂ ಸಕ್ಕರೆ ಹುದುಗಿದರೆ ಹೊರಡುವ ಅನಿಲದ ಗಾತ್ರವೇ ಸುಮಾರು ಒಂದು ಲೀಟರು. ಬಾಟಲಿಗೆ ನೊರೆ ಬರಲೆಂದು ನಾವು ಲೆಕ್ಕ ಹಾಕಿ ಸೇರಿಸುವ ಸಕ್ಕರೆಯ ಜೊತೆಗೆ, ತಿನ್ನದೆ ಉಳಿದ ಹಳೆಯ ಸಕ್ಕರೆಯೂ ಒಳಗಿದ್ದರೆ ಗಾಜು ಸಿಡಿಯುತ್ತದೆ. ನಾನಾದರೋ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರಂತೆ ಏಳನೆಯ ದಿನವೇ ಮೂವತ್ತು ಬಾಟಲಿ ತೊಳೆದು ಬೋರಲು ಹಾಕಿದ್ದೆ. ಎರಡು ಮೂರು ದಿನಗಳ ಅಂತರದಲ್ಲಿ ಒಂದೇ ಸಂಖ್ಯೆ ಬರುವವರೆಗೆ ಕಾಯಬೇಕೆಂಬ ನಿಯಮವನ್ನು ಮುರಿಯಲು ಆ ಬಾಟಲಿಗಳೇ ಪ್ರತಿದಿನ ಪುಸಲಾಯಿಸುತ್ತಿದ್ದವು.

ಹನ್ನೊಂದನೆಯ ದಿನ 1.012. ಹದಿಮೂರನೆಯ ದಿನ ಮತ್ತೆ 1.012. ಮೊದಲಿನ ಸಂಖ್ಯೆಯಿಂದ ಕೊನೆಯದನ್ನು ಕಳೆದು 131.25ರಿಂದ ಗುಣಿಸಿದರೆ ಮದ್ಯಸಾರ ಶೇಕಡಾ 4.7ರಷ್ಟು. ಇನ್ನೊಂದು ಲೆಕ್ಕವನ್ನೂ ಆಗಲೇ ಮಾಡಿದೆ: ಹತ್ತು ಲೀಟರಿನ ಬಿಯರಿನಲ್ಲಿ ತಳದ ಗಷ್ಟಿಗೆ ಒಂದು ಲೀಟರು, ನನ್ನ ಪರೀಕ್ಷೆಗಳಿಗೆ ಹೆಚ್ಚುಕಡಿಮೆ ಇನ್ನೊಂದು ಲೀಟರು. ಪುಸ್ತಕದಲ್ಲಿ ನಾಲ್ಕು ಓದುಗಳನ್ನು ಬರೆದಿಟ್ಟಿದ್ದೇನೆ. ಬರೆಯದೆ ಇದ್ದವು ಎಷ್ಟೆಂದು ಹೆಂಡತಿಗೆ ಗೊತ್ತು. ತೊಳೆದಿಟ್ಟ ಮೂವತ್ತು ಬಾಟಲಿಗಳಲ್ಲಿ ಇಪ್ಪತ್ತನಾಲ್ಕು ತುಂಬಿದವು. ಉಳಿದ ಆರನ್ನು ನಾನು ಒರೆಸಿ ಕಪಾಟಿಗೆ ಇಡುತ್ತಿದ್ದಾಗ, ಗಷ್ಟು ಮಾತ್ರ ಉಳಿದಿದ್ದ ಬಕೆಟ್ಟಿನ ಮೇಲೆ ಮತ್ತೆ ಸಿಕ್ಕಿಸಿಟ್ಟಿದ್ದ ಏರ್‌ಲಾಕ್ ಒಮ್ಮೆ ಗುಳಕ್ ಎಂದಿತು. ನಾನು ತಿರುಗಿ ನೋಡಿದೆ.