‘ಈಗ’ ಅಂದ ಮಾತ್ರಕ್ಕೆ ‘ಇಂಗ್’ ಬೇಕಿಲ್ಲ

ಇಂಗ್ಲಿಷ್ ಕಲಿಯುವವರ ನಡುವೆ ಒಂದು ಸೂತ್ರ ಓಡಾಡುತ್ತಿದೆ. ದಿನಾ ನಡೆಯುವುದಕ್ಕೆ ಸಿಂಪಲ್ ಪ್ರೆಸೆಂಟ್ (‘ಐ ರೀಡ್’), ಈಗ ನಡೆಯುವುದಕ್ಕೆ ಪ್ರೆಸೆಂಟ್ ಕಂಟಿನ್ಯುಯಸ್ (‘ಇಂಗ್’ ಹಚ್ಚಿದ ‘ಐ ಆಮ್ ರೀಡಿಂಗ್’), ಅಷ್ಟೇ ಅಂತೆ. ಮೊದಲರ್ಧ ಹೆಚ್ಚುಕಮ್ಮಿ ಸರಿ. ಎರಡನೆಯದನ್ನು ಕಣ್ಣುಮುಚ್ಚಿ ನಂಬಿದರೆ ದಾರಿ ತಪ್ಪುತ್ತದೆ.

ಗೊತ್ತಿರುವುದು, ನಂಬುವುದು, ಬೇಕು ಅನ್ನಿಸುವುದು ಕೆಲಸಗಳಲ್ಲ, ಸ್ಥಿತಿಗಳು. ಈ ಗಳಿಗೆಯ ಮಾತೇ ಆದರೂ ‘ಐ ನೋ ದಿ ಆನ್ಸರ್’ ಎನ್ನಬೇಕು. ‘ಐ ಆಮ್ ನೋಯಿಂಗ್’ ಸಲ್ಲದು.

ಹಾಗಂತ ಇಂಥ ಕ್ರಿಯಾಪದಗಳ ಪಟ್ಟಿಯನ್ನು ಸುಮ್ನೆ ಬಾಯಿಪಾಠ ಮಾಡಿದರೂ ಸಾಲದು. ‘ಐ ಥಿಂಕ್ ಹಿ ಈಸ್ ರೈಟ್’ ಎಂದರೆ ಅಭಿಪ್ರಾಯ. ‘ಐ ಆಮ್ ಥಿಂಕಿಂಗ್ ಅಬೌಟ್ ಇಟ್’ ಎಂದರೆ ಯೋಚನೆ ಇನ್ನೂ ಮುಗಿದಿಲ್ಲ. ನನಗೆ ಜಾಸ್ತಿ ಇಷ್ಟದ ಜೋಡಿ ಬೇರೆ: ‘ಹಿ ಈಸ್ ರೂಡ್’ ಎಂದರೆ ಆಸಾಮಿಯ ಸ್ವಭಾವವೇ ಒರಟು. ‘ಹಿ ಈಸ್ ಬೀಯಿಂಗ್ ರೂಡ್’ ಎಂದರೆ ಸದ್ಯಕ್ಕೆ ಹಾಗೆ ಆಡುತ್ತಿದ್ದಾನೆ, ಆಮೇಲೆ ಸರಿಹೋದಾನು. ಒಂದು ‘ಬೀಯಿಂಗ್’ ಎಷ್ಟು ಮರ್ಯಾದೆ ಉಳಿಸಿತು, ಅಲ್ವಾ?

ಉಲ್ಟಾ ಕೂಡ ಉಂಟು. ಪುಸ್ತಕ ಕಪಾಟಿನಲ್ಲಿದ್ದು ನೀವು ಊಟಕ್ಕೆ ಕೂತಿದ್ದರೂ ‘ಐ ಆಮ್ ರೀಡಿಂಗ್ ಎ ನಾವೆಲ್’ ಸರಿಯೇ. ಓದು ಶುರುವಾಗಿದೆ, ಮುಗಿದಿಲ್ಲ, ಅಷ್ಟು ಸಾಕು. ಇನ್ನು ಫುಟ್‌ಬಾಲ್ ಕಾಮೆಂಟರಿ ಕೇಳಿ. ಚೆಂಡು ಕಣ್ಣೆದುರೇ ಗೋಲಿಗೆ ನುಗ್ಗುತ್ತಿದ್ದರೂ ಅವರು ಕೂಗುವುದು ‘ಹಿ ಶೂಟ್ಸ್, ಹಿ ಸ್ಕೋರ್ಸ್’ ಎಂದೇ. ಕ್ಷಣದಲ್ಲಿ ಮುಗಿಯುವ ಕ್ರಿಯೆಗೆ ‘ಇಂಗ್’ ಹಚ್ಚಿ ಎಳೆಯುವುದಿಲ್ಲ.