ಝೀಟಾ ಬೀಟಾ ಟೌ ಹೆಸರಿನೊಳಗೆ ಸೇರಿಹೋದ ನಾಲ್ಕು ಸಂಘಗಳು

ಅಮೆರಿಕದ ಕಾಲೇಜು ಫ್ರಟರ್ನಿಟಿಗಳ ಚರಿತ್ರೆಯನ್ನು ಓದುವಾಗ, ಒಂದು ಸಂಘ ಇನ್ನೊಂದರೊಡನೆ ವಿಲೀನವಾದ ಸಂಗತಿಗೆ ಸಾಮಾನ್ಯವಾಗಿ ಒಂದೇ ವಾಕ್ಯ ಸಿಗುತ್ತದೆ. ಫೈ ಎಪ್ಸಿಲಾನ್ ಪೈ 1904ರಲ್ಲಿ ಹುಟ್ಟಿತು, 1970ರಲ್ಲಿ ಝೀಟಾ ಬೀಟಾ ಟೌನಲ್ಲಿ ಸೇರಿತು ಎಂದು ಬರೆದು ಮುಂದಕ್ಕೆ ಹೋಗಿಬಿಡುತ್ತಾರೆ. ಅರವತ್ತಾರು ವರ್ಷ ಬಾಳಿ, ಅನೇಕ ತಲೆಮಾರಿನ ವಿದ್ಯಾರ್ಥಿಗಳಿಗೆ ಊಟ, ವಸತಿ, ಗೆಳೆತನ ಮತ್ತು ಉದ್ಯೋಗದ ದಾರಿ ಒದಗಿಸಿದ ಒಂದು ಸಂಸ್ಥೆಯನ್ನು ಹೀಗೆ ಮುಗಿಸುವುದು ನ್ಯಾಯವಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಉಳಿದ ಹೆಸರಿನ ಸಂಘವು ಇಂದು ಯಾವ ಮೌಲ್ಯಗಳನ್ನು ತನ್ನವೆಂದು ಹೇಳಿಕೊಳ್ಳುತ್ತದೋ ಅವುಗಳಲ್ಲಿ ಮುಖ್ಯವಾದದ್ದನ್ನು ಅದಕ್ಕಿಂತ ಮೊದಲೇ ಹಿಡಿದು ನಡೆದದ್ದು ಹೆಸರು ಕಳೆದುಕೊಂಡ ಸಂಘ ಎಂಬುದನ್ನು ವಿವರವಾಗಿ ಹೇಳಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಫ್ರಟರ್ನಿಟಿ ಎಂದರೆ ನಮ್ಮ ಕಾಲೇಜುಗಳ ವಿದ್ಯಾರ್ಥಿ ಸಂಘದಂಥದ್ದಲ್ಲ. ಅದಕ್ಕೆ ಗ್ರೀಕ್ ಅಕ್ಷರಗಳ ಹೆಸರು, ಹೊರಗಿನವರಿಗೆ ತಿಳಿಸದ ದೀಕ್ಷಾವಿಧಿ, ಸದಸ್ಯರು ಒಟ್ಟಿಗೆ ವಾಸಿಸುವ ಸ್ವಂತ ಮನೆ, ಬೇರೆ ಬೇರೆ ವಿಶ್ವವಿದ್ಯಾಲಯಗಳಲ್ಲಿ ಶಾಖೆಗಳು, ಇವೆಲ್ಲವನ್ನೂ ನಡೆಸುವ ಒಂದು ಕೇಂದ್ರ ಸಂಘ ಇರುತ್ತವೆ. ಗ್ರೀಕ್ ಅಕ್ಷರಗಳ ಪದ್ಧತಿ 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಫೈ ಬೀಟಾ ಕಪ್ಪಾ ಸ್ಥಾಪನೆಯೊಂದಿಗೆ ಆರಂಭವಾಯಿತು; ಇಂದು ನಾವು ಕಾಣುವ ಸ್ವರೂಪ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ 1825ರಿಂದ ಬೆಳೆಯಿತು. ಸದಸ್ಯತ್ವ ಜೀವನಪೂರ್ತಿ ಉಳಿಯುತ್ತದೆ. ಓದು ಮುಗಿಸಿ ವಕೀಲನಾದವನು, ಬ್ಯಾಂಕಿನಲ್ಲಿ ಅಧಿಕಾರಿಯಾದವನು ತನ್ನ ಫ್ರಟರ್ನಿಟಿ ಮನೆಯ ಹುಡುಗನಿಗೆ ಕೆಲಸ ಕೊಡಿಸುತ್ತಾನೆ. ಹಾಗಾಗಿ ಯಾರನ್ನು ಒಳಗೆ ಬಿಡಬೇಕು ಎಂಬ ಪ್ರಶ್ನೆ ಗೆಳೆತನಕ್ಕೆ ಮಾತ್ರ ಸೇರಿದ್ದಾಗಿರಲಿಲ್ಲ, ಮುಂದಿನ ಬದುಕಿನ ಬಾಗಿಲಿಗೂ ಸೇರಿದ್ದಾಗಿತ್ತು.

ಆ ಬಾಗಿಲು ಯಹೂದಿ ವಿದ್ಯಾರ್ಥಿಗಳಿಗೆ ಬಹುಮಟ್ಟಿಗೆ ಮುಚ್ಚಿತ್ತು. ಕೆಲವು ಸಂಘಗಳ ನಿಯಮಾವಳಿಯಲ್ಲೇ ಸದಸ್ಯರು ಬಿಳಿಯ ಕ್ರೈಸ್ತರಾಗಿರಬೇಕು ಎಂದು ಬರೆದಿತ್ತು. ಬರೆಯದ ಕಡೆ ಅದೇ ವಾಡಿಕೆಯಾಗಿತ್ತು. 1880ರ ದಶಕದಿಂದ ಪೂರ್ವ ಯುರೋಪಿನಿಂದ ಲಕ್ಷಗಟ್ಟಲೆ ಯಹೂದಿಗಳು ಅಮೆರಿಕಕ್ಕೆ ಬಂದರು, ಅವರ ಮಕ್ಕಳು ಕಾಲೇಜು ಸೇರಿದರು, ಸೇರಿದಷ್ಟೂ ಅಸಮಾಧಾನ ಬೆಳೆಯಿತು. ಹಾರ್ವರ್ಡ್‌ನಲ್ಲಿ 1900ರಲ್ಲಿ ಸುಮಾರು ಶೇ. 7ರಷ್ಟಿದ್ದ ಯಹೂದಿ ವಿದ್ಯಾರ್ಥಿಗಳು 1922ರ ಹೊತ್ತಿಗೆ ಶೇ. 21ನ್ನು ದಾಟಿದಾಗ, ಅಧ್ಯಕ್ಷ ಎ. ಲಾರೆನ್ಸ್ ಲೊವೆಲ್ ಅವರೇ ಬಹಿರಂಗವಾಗಿ ಮಿತಿ ಹಾಕುವ ಪ್ರಸ್ತಾಪ ಮುಂದಿಟ್ಟರು. ಆ ಪ್ರಸ್ತಾಪಕ್ಕೆ ಒಪ್ಪಿಗೆ ಸಿಗಲಿಲ್ಲವಾದರೂ, ನಡತೆ, ಹುಟ್ಟೂರು, ಭಾವಚಿತ್ರ ಮುಂತಾದವನ್ನು ಪ್ರವೇಶದ ಅಳತೆಗೋಲುಗಳನ್ನಾಗಿ ಮಾಡಿ ಅದೇ ಕೆಲಸವನ್ನು ಸದ್ದಿಲ್ಲದೆ ಸಾಧಿಸಲಾಯಿತು. ತರಗತಿಯೊಳಗೇ ಹೀಗಿದ್ದಾಗ ಫ್ರಟರ್ನಿಟಿ ಮನೆಯ ಊಟದ ಮೇಜಿನ ಸ್ಥಿತಿ ಹೇಗಿದ್ದಿರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಝೀಟಾ ಬೀಟಾ ಟೌ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ, ಆದರೆ ಮೊದಲ ದಿನವೇ ಫ್ರಟರ್ನಿಟಿಯಾಗಿ ಅಲ್ಲ. ಥಿಯೊಡೋರ್ ಹರ್ಜಲ್ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಮೊದಲ ಜಿಯೋನಿಸ್ಟ್ (ಯಹೂದಿಗಳಿಗೆ ಸ್ವಂತ ನಾಡು ಬೇಕೆಂಬ ಚಳವಳಿಯ) ಸಮಾವೇಶ ನಡೆಸಿದ ಮರುವರ್ಷ, 1898ರ ಡಿಸೆಂಬರ್ 29ರಂದು, ನ್ಯೂಯಾರ್ಕಿನ ಜ್ಯೂಯಿಶ್ ಥಿಯಾಲಾಜಿಕಲ್ ಸೆಮಿನರಿಯಲ್ಲಿ ಹಲವು ಕಾಲೇಜುಗಳ ಯಹೂದಿ ವಿದ್ಯಾರ್ಥಿಗಳು ಕೂಡಿ ಒಂದು ಜಿಯೋನಿಸ್ಟ್ ಯುವಕರ ಸಂಘ ಕಟ್ಟಿದರು. ಅವರಿಗೆ ಬೆನ್ನೆಲುಬಾಗಿ ನಿಂತವರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸೆಮಿಟಿಕ್ ಭಾಷೆಗಳ ಪ್ರಾಧ್ಯಾಪಕರಾಗಿದ್ದ ರಿಚರ್ಡ್ ಗಾಟ್‌ಹೈಲ್. ಬೈಬಲಿನ ಯೆಶಾಯನ ಗ್ರಂಥದ ಒಂದು ಹೀಬ್ರೂ ವಾಕ್ಯದ ಮೊದಲಕ್ಷರಗಳು ಸಂಘದ ಹೆಸರಾದವು. ಕೆಲವೇ ವರ್ಷಗಳಲ್ಲಿ ಅವೇ ಗ್ರೀಕ್ ಅಕ್ಷರಗಳ ರೂಪ ತಾಳಿ, ರಾಜಕೀಯ ಧ್ಯೇಯ ಹಿಂದೆ ಸರಿದು, ಅದು ಪೂರ್ಣ ಪ್ರಮಾಣದ ಫ್ರಟರ್ನಿಟಿಯಾಯಿತು. 1913ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲೂ ಅದರ ಶಾಖೆ ತೆರೆಯಿತು.

ಅದರ ಹಿಂದೆಯೇ ಉಳಿದವು ಬಂದವು. 1904ರಲ್ಲಿ ಸಿಟಿ ಕಾಲೇಜ್ ಆಫ್ ನ್ಯೂಯಾರ್ಕ್‌ನಲ್ಲಿ ಫೈ ಎಪ್ಸಿಲಾನ್ ಪೈ, 1909ರಲ್ಲಿ ಕೊಲಂಬಿಯಾದಲ್ಲಿ ಫೈ ಸಿಗ್ಮಾ ಡೆಲ್ಟಾ, 1911ರಲ್ಲಿ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಕಪ್ಪಾ ನ್ಯೂ, 1914ರಲ್ಲಿ ವಾಷಿಂಗ್ಟನ್ನಿನ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಫೈ ಆಲ್ಫಾ. ಒಂದೇ ಸಮುದಾಯದ ವಿದ್ಯಾರ್ಥಿಗಳಿಗೆ ಇಷ್ಟೊಂದು ಸಂಘಗಳು ಏಕೆ ಬೇಕಾದವು ಎಂಬ ಪ್ರಶ್ನೆಯನ್ನು ವಿಲೀನದ ಕಥೆ ಹೇಳುವವರು ಸಾಮಾನ್ಯವಾಗಿ ತಪ್ಪಿಸುತ್ತಾರೆ. ಉತ್ತರ ಹಿತವಾದದ್ದಲ್ಲ. ಬಹಳ ಹಿಂದೆಯೇ ಬಂದು ನೆಲೆಯೂರಿ, ವ್ಯಾಪಾರದಲ್ಲಿ ಹಣ ಮಾಡಿದ್ದ ಜರ್ಮನ್ ಮೂಲದ ಯಹೂದಿ ಮನೆತನಗಳು ಒಂದು ಕಡೆ. ಬಾಡಿಗೆಯ ಇಕ್ಕಟ್ಟಾದ ಮನೆಗಳಲ್ಲಿ ಬೆಳೆದ, ಮನೆಯಲ್ಲಿ ಯಿದ್ದಿಶ್ ಮಾತನಾಡುವ ರಷ್ಯಾ, ಪೋಲೆಂಡ್ ಮೂಲದ ಕುಟುಂಬಗಳು ಇನ್ನೊಂದು ಕಡೆ. ಝೀಟಾ ಬೀಟಾ ಟೌ ಮೊದಲ ವರ್ಗದ ಹುಡುಗರ ಸಂಘವೆಂದು ಹೆಸರಾಗಿತ್ತು. ಕ್ರೈಸ್ತ ಸಂಘಗಳ ಬಾಗಿಲಲ್ಲಿ ತಿರಸ್ಕಾರ ಉಂಡವರು ತಮ್ಮೊಳಗೇ ಮತ್ತೊಂದು ಶ್ರೇಣಿಯನ್ನು ಕಟ್ಟಿಕೊಂಡರು. ಶ್ರೇಣೀಕರಣದ ಬಿಸಿ ಬಲ್ಲ ನಮ್ಮ ನಾಡಿನ ಓದುಗರಿಗೆ ಇದು ಅಪರಿಚಿತವೇನಲ್ಲ. ಮುಂದೆ ಆದ ವಿಲೀನಗಳಿಗೆ ಅರ್ಥ ಬರುವುದು ಈ ಶ್ರೇಣಿಯನ್ನು ನೆನಪಿನಲ್ಲಿಟ್ಟುಕೊಂಡಾಗ ಮಾತ್ರ.

ಈ ಐದರಲ್ಲಿ ನನ್ನ ಗೌರವ ಹೆಚ್ಚಾಗಿ ಸಲ್ಲುವುದು ಫೈ ಎಪ್ಸಿಲಾನ್ ಪೈಗೆ. ಅದು ಹುಟ್ಟಿದ ಸಿಟಿ ಕಾಲೇಜಿನಲ್ಲಿ ಆಗ ಶುಲ್ಕವಿರಲಿಲ್ಲ. ವಲಸೆ ಬಂದ ಬಡವರ ಮಕ್ಕಳು ಓದುತ್ತಿದ್ದ ಜಾಗ ಅದು. ಅದನ್ನು ಕಟ್ಟಿದವರ ಆಶಯ ಧರ್ಮದ ಗಡಿಯಿಲ್ಲದ ಸಂಘವಾಗಿತ್ತು, ಆದರೆ ಬೇರೆಯವರು ಬಾರದ ಕಾರಣ ಸದಸ್ಯರಲ್ಲಿ ಹೆಚ್ಚಿನವರು ಯಹೂದಿಗಳೇ ಆದರು. ಆ ಆಶಯದ ನಿಜವಾದ ಪರೀಕ್ಷೆ ನಡೆದದ್ದು 1940ರ ದಶಕದ ಕೊನೆಯಲ್ಲಿ, ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿನ ಶಾಖೆಯ ಹುಡುಗರು ಒಬ್ಬ ಕಪ್ಪು ವಿದ್ಯಾರ್ಥಿಯನ್ನು ಸದಸ್ಯನನ್ನಾಗಿ ಆರಿಸಿಕೊಂಡರು. ಕೇಂದ್ರ ಸಂಘದ ಹಿರಿಯರಲ್ಲಿ ವಿರೋಧ ಎದ್ದಿತು. ಶಾಖೆ ತನ್ನ ನಿರ್ಧಾರದಿಂದ ಕದಲಲಿಲ್ಲ, ಕೊನೆಗೆ ಕೇಂದ್ರ ಸಂಘವೇ ಒಪ್ಪಬೇಕಾಯಿತು. ಅದೇ ಕಾಲಕ್ಕೆ, 1948ರಲ್ಲಿ, ಆಮ್ಹರ್ಸ್ಟ್ ಕಾಲೇಜಿನ ಫೈ ಕಪ್ಪಾ ಸೈ ಶಾಖೆ ಇಂಥದೇ ಹೆಜ್ಜೆ ಇಟ್ಟಾಗ ಅದರ ಕೇಂದ್ರ ಸಂಘ ಆ ಶಾಖೆಯನ್ನೇ ಹೊರಗೆ ಹಾಕಿತು. ಈ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕನೆಕ್ಟಿಕಟ್‌ನ ಹುಡುಗರ ನಿಲುವಿನ ತೂಕ ತಿಳಿಯುತ್ತದೆ. ಇಪ್ಪತ್ತು ವರ್ಷದ ವಿದ್ಯಾರ್ಥಿಗಳು ತಮ್ಮ ಸಂಘದ ಹಿರಿಯರಿಗೆ ಅವರದೇ ಧ್ಯೇಯವನ್ನು ನೆನಪಿಸಿ ಗೆದ್ದ ಪ್ರಸಂಗವಿದು.

ಎರಡನೆಯ ಮಹಾಯುದ್ಧದ ನಂತರ ಎಲ್ಲೆಡೆ ಒತ್ತಡ ಹೆಚ್ಚಿತು. 1953ರಲ್ಲಿ ನ್ಯೂಯಾರ್ಕ್ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವು ರಾಷ್ಟ್ರಮಟ್ಟದ ಸಂಘಗಳೊಡನೆ ಸಂಬಂಧ ಹೊಂದಿದ ಸಾಮಾಜಿಕ ಫ್ರಟರ್ನಿಟಿಗಳನ್ನು ತನ್ನ ಆವರಣಗಳಲ್ಲಿ ನಿಷೇಧಿಸಿತು. ಮರುವರ್ಷ, 1954ರಲ್ಲಿ, ಝೀಟಾ ಬೀಟಾ ಟೌ ತನ್ನ ನಿಯಮಾವಳಿಯನ್ನೂ ವಿಧಿಗಳನ್ನೂ ತಿದ್ದಿ, ಸದಸ್ಯತ್ವಕ್ಕೆ ಧರ್ಮವನ್ನು ಅರ್ಹತೆಯಾಗಿ ಪರಿಗಣಿಸುವುದನ್ನು ಕೈಬಿಟ್ಟಿತು. ಇದು ದೊಡ್ಡ ನಿರ್ಧಾರ, ಮೆಚ್ಚತಕ್ಕದ್ದು. ಆದರೆ ಝೀಟಾ ಬೀಟಾ ಟೌ ಐವತ್ತಾರು ವರ್ಷ ನಡೆದು ತಲುಪಿದ ಈ ಸ್ಥಳದಲ್ಲಿ ಫೈ ಎಪ್ಸಿಲಾನ್ ಪೈ ತನ್ನ ಆಶಯದ ಮಟ್ಟಿಗಾದರೂ 1904ರಲ್ಲೇ ನಿಂತಿತ್ತು ಎಂಬುದನ್ನು ಇಬ್ಬರ ಚರಿತ್ರೆ ಬರೆಯುವವರೂ ದಾಖಲಿಸಬೇಕು.

ವಿಲೀನಗಳು ಒಂದರ ಹಿಂದೊಂದು ನಡೆದವು. 1959ರಲ್ಲಿ ಫೈ ಆಲ್ಫಾ, ಫೈ ಸಿಗ್ಮಾ ಡೆಲ್ಟಾದೊಳಗೆ ಸೇರಿತು. 1961ರಲ್ಲಿ ಕಪ್ಪಾ ನ್ಯೂ, ಫೈ ಎಪ್ಸಿಲಾನ್ ಪೈಯೊಳಗೆ ಸೇರಿತು. 1969ರಲ್ಲಿ ಫೈ ಸಿಗ್ಮಾ ಡೆಲ್ಟಾ, 1970ರಲ್ಲಿ ಫೈ ಎಪ್ಸಿಲಾನ್ ಪೈ ಝೀಟಾ ಬೀಟಾ ಟೌ ಜೊತೆ ಒಂದಾದವು. ಹನ್ನೊಂದು ವರ್ಷಗಳಲ್ಲಿ ಐದು ಸಂಘಗಳು ಒಂದಾದದ್ದಕ್ಕೆ ಎರಡು ರೀತಿಯ ಕಾರಣಗಳಿದ್ದವು. ಒಂದು ಒಳ್ಳೆಯದು: ಹಳೆಯ ಕ್ರೈಸ್ತ ಸಂಘಗಳ ಬಾಗಿಲು ತೆರೆಯತೊಡಗಿದ್ದರಿಂದ ಯಹೂದಿ ಹುಡುಗನಿಗೆ ಈಗ ಎಲ್ಲಿ ಬೇಕಾದರೂ ಸೇರುವ ಅವಕಾಶವಿತ್ತು, ಜರ್ಮನ್ ಮೂಲ, ರಷ್ಯನ್ ಮೂಲ ಎಂಬ ಭೇದಕ್ಕೆ ಅಮೆರಿಕದಲ್ಲೇ ಹುಟ್ಟಿದ ಮೊಮ್ಮಕ್ಕಳ ತಲೆಮಾರಿನಲ್ಲಿ ಅರ್ಥವೇ ಉಳಿದಿರಲಿಲ್ಲ. ಇನ್ನೊಂದು ಕಷ್ಟದ್ದು: ವಿಯೆಟ್ನಾಂ ಯುದ್ಧದ ಕಾಲದ ವಿದ್ಯಾರ್ಥಿಗಳಿಗೆ ಕೋಟು ತೊಟ್ಟು ಗುಟ್ಟಿನ ವಿಧಿಗಳಲ್ಲಿ ಪಾಲ್ಗೊಳ್ಳುವುದು ಹಳೆಯ ವ್ಯವಸ್ಥೆಯ ಗುರುತಾಗಿ ಕಂಡಿತು. ಹೊಸ ಸದಸ್ಯರು ಕಡಿಮೆಯಾದರೆ ಮನೆಯ ಸಾಲದ ಕಂತು, ಅಡುಗೆಯವರ ಸಂಬಳ, ಕೇಂದ್ರ ಕಚೇರಿಯ ಖರ್ಚು, ಎಲ್ಲವೂ ಉಳಿದ ಕೆಲವರ ಮೇಲೆ ಬೀಳುತ್ತದೆ. ಒಂದೇ ಬಗೆಯ ವಿದ್ಯಾರ್ಥಿಗಳನ್ನು ನೆಚ್ಚಿಕೊಂಡ ಹಲವು ಕೇಂದ್ರ ಕಚೇರಿಗಳು ಬೇರೆಬೇರೆಯಾಗಿ ಬದುಕುವುದು ಸಾಧ್ಯವಿರಲಿಲ್ಲ.

ಈ ಎರಡನೆಯ ಕಾರಣವನ್ನು ಮಾತ್ರ ಹೇಳಿ, ವಿಲೀನವೆಂದರೆ ದಿವಾಳಿಯ ಸಭ್ಯ ಹೆಸರು ಎಂದು ತೀರ್ಮಾನಿಸುವವರನ್ನು ನಾನು ಒಪ್ಪುವುದಿಲ್ಲ. ಹಣದ ತೊಂದರೆ ವಿಲೀನಕ್ಕೆ ಆತುರ ತಂದಿತು, ನಿಜ. ಆದರೆ 1920ರ ದಶಕದಲ್ಲಿ ಇದೇ ಸಂಘಗಳ ಹುಡುಗರು ಒಂದೇ ಮೇಜಿನಲ್ಲಿ ಕೂರಲು ಹಿಂಜರಿಯುತ್ತಿದ್ದರು. ತಮ್ಮ ನಡುವಿನ ಮೇಲು ಕೀಳು ಕರಗದೆ ಇದ್ದಿದ್ದರೆ ಎಷ್ಟೇ ಕಷ್ಟ ಬಂದರೂ ಅವರು ಒಬ್ಬರನ್ನೊಬ್ಬರು ಸಹೋದರರೆಂದು ಕರೆಯುತ್ತಿರಲಿಲ್ಲ.

ಹೀಗೆ ಬೆರೆತದ್ದರಿಂದ ಯಹೂದಿ ಗುರುತೇ ಮಸುಕಾಯಿತು ಎಂಬ ಆಕ್ಷೇಪವೂ ಇದೆ. 1913ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಆಲ್ಫಾ ಎಪ್ಸಿಲಾನ್ ಪೈ, 1940ರಲ್ಲಿ ಸಿಗ್ಮಾ ಒಮೇಗಾ ಸೈ ಎಂಬ ಸಂಘವನ್ನು ತನ್ನಲ್ಲಿ ಸೇರಿಸಿಕೊಂಡಿತಾದರೂ ತನ್ನ ಯಹೂದಿ ಸ್ವರೂಪವನ್ನು ಎಂದೂ ಮರೆಮಾಚಲಿಲ್ಲ, ಇಂದಿಗೂ ಬಲವಾಗಿ ನಿಂತಿದೆ. ಈ ಆಕ್ಷೇಪವನ್ನು ನಾನು ಹಗುರವಾಗಿ ನೋಡುವುದಿಲ್ಲ. ಅಲ್ಪಸಂಖ್ಯಾತ ವಿದ್ಯಾರ್ಥಿಗೆ ತನ್ನ ಹಬ್ಬವನ್ನು ವಿವರಣೆ ಕೊಡದೆ ಆಚರಿಸಬಲ್ಲ ಒಂದು ಮನೆ ಬೇಕು, ಆ ಬೇಡಿಕೆಯಲ್ಲಿ ಸಂಕುಚಿತತೆಯೇನೂ ಇಲ್ಲ. ಆದರೂ ಎರಡು ದಾರಿಗಳೂ ಇರುವುದು ಒಳ್ಳೆಯದು ಎನ್ನುವವನು ನಾನು. ಒಂದು ಸಂಘ ಗುರುತನ್ನು ಕಾಪಾಡಿತು, ಇನ್ನೊಂದು ಬಾಗಿಲನ್ನು ಅಗಲಿಸಿತು.

ಮರೆತ ಹೆಸರುಗಳ ಬಗ್ಗೆ ಹೇಳುವಾಗ ಬೀಟಾ ಸಿಗ್ಮಾ ಟೌ ಎಂಬ ಸಂಘವನ್ನು ಬಿಡಲಾಗದು. ಜನಾಂಗ, ಧರ್ಮಗಳ ಭೇದವಿಲ್ಲದೆ ಎಲ್ಲರನ್ನೂ ಸೇರಿಸಿಕೊಳ್ಳಲೆಂದೇ 1948ರಲ್ಲಿ ಕಟ್ಟಿದ ರಾಷ್ಟ್ರಮಟ್ಟದ ಫ್ರಟರ್ನಿಟಿ ಅದು. 1960ರಲ್ಲಿ ಅದು ಪೈ ಲ್ಯಾಮ್ಡಾ ಫೈಯೊಳಗೆ ಸೇರಿಹೋಯಿತು. ಪೈ ಲ್ಯಾಮ್ಡಾ ಫೈ ಕೂಡ ಯಾವ ಧರ್ಮಕ್ಕೂ ಸೀಮಿತವಲ್ಲದ ಸಂಘವಾಗಿ 1895ರಲ್ಲಿ ಯೇಲ್‌ನಲ್ಲಿ ಹುಟ್ಟಿದ್ದರಿಂದ ಆ ವಿಲೀನ ಸಹಜವಾಗಿತ್ತು. ಆದರೂ ಹನ್ನೆರಡು ವರ್ಷ ಪ್ರವಾಹಕ್ಕೆ ಎದುರಾಗಿ ಈಜಿದ ಬೀಟಾ ಸಿಗ್ಮಾ ಟೌ ಹೆಸರನ್ನು ಇಂದು ಎಷ್ಟು ಜನ ಕೇಳಿದ್ದಾರೆ?

1989ರಲ್ಲಿ ಝೀಟಾ ಬೀಟಾ ಟೌ ಇನ್ನೊಂದು ದಿಟ್ಟ ಹೆಜ್ಜೆ ಇಟ್ಟಿತು. ಹೊಸಬರು ತಿಂಗಳುಗಟ್ಟಲೆ ಹಿರಿಯರ ಆಜ್ಞೆಗೆ ತಲೆಬಾಗಿ ಯೋಗ್ಯತೆ ಸಾಬೀತು ಮಾಡಬೇಕಾದ ಉಮೇದುವಾರಿಕೆಯ ಪದ್ಧತಿಯನ್ನೇ ರದ್ದು ಮಾಡಿ, ಸೇರಿದವರೆಲ್ಲರೂ ಸಮಾನ ಸದಸ್ಯರು ಎಂದು ಘೋಷಿಸಿತು. ಹೊಸಬರಿಗೆ ಕೊಡುವ ಹಿಂಸೆಗೆ ಆ ಪದ್ಧತಿಯೇ ನೆಲೆಯಾಗಿತ್ತು. ನಿಯಮ ಬದಲಾದ ಕೂಡಲೇ ಹಿಂಸೆ ಎಲ್ಲೆಡೆ ನಿಂತಿತೆಂದು ನಾನು ಹೇಳಲಾರೆ. ಆದರೆ ಒಂದೇ ಮನೆಯೊಳಗೆ ಎರಡು ದರ್ಜೆಯ ಜನ ಇರಬಾರದು ಎಂಬ ಆ ನಿಲುವಿನಲ್ಲಿ ಸಿಟಿ ಕಾಲೇಜಿನ ಬಡ ಹುಡುಗರ, ಕನೆಕ್ಟಿಕಟ್ ಶಾಖೆಯ ಹಟದ ಮುಂದುವರಿಕೆ ನನಗೆ ಕಾಣುತ್ತದೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಕಥೆ ದೂರದ್ದಲ್ಲ. 1996ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸಿಗ್ಮಾ ಬೀಟಾ ರೋ, 1998ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಡೆಲ್ಟಾ ಎಪ್ಸಿಲಾನ್ ಸೈ, 1999ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಬೀಟಾ ಕೈ ಥೀಟಾ ಹುಟ್ಟಿದವು. ಇವುಗಳಲ್ಲಿ ದಕ್ಷಿಣ ಏಷ್ಯಾ ಮೂಲದ ಕುಟುಂಬಗಳ ಮಕ್ಕಳು ಹೆಚ್ಚಾಗಿ ಸೇರುತ್ತಾರೆ. ನಮ್ಮ ಮನೆಗಳ ಮಕ್ಕಳಿಗೂ ಅಲ್ಲಿ ಜಾಗವಿದೆ. ಒಂದೇ ಸಮುದಾಯವನ್ನು ನೆಚ್ಚಿದ ಹಲವು ಸಂಘಗಳು ಒಂದೇ ಕಾಲದಲ್ಲಿ ಬೆಳೆಯುವುದು, ಗುರುತನ್ನು ಉಳಿಸಿಕೊಳ್ಳಬೇಕೋ ಬಾಗಿಲನ್ನು ಅಗಲಿಸಬೇಕೋ ಎಂಬ ಚರ್ಚೆ ಒಳಗೇ ನಡೆಯುವುದು, ಇವೆಲ್ಲ ನೂರು ವರ್ಷ ಹಿಂದಿನ ನ್ಯೂಯಾರ್ಕಿನಲ್ಲಿ ಆಗಿಹೋದವೇ. ಆ ಮಕ್ಕಳು ತಮ್ಮ ಸಂಘದ ನಡಾವಳಿ ಪುಸ್ತಕ, ಪತ್ರಗಳು, ಭಾವಚಿತ್ರಗಳನ್ನು ಈಗಿನಿಂದಲೇ ಜೋಪಾನವಾಗಿ ಇಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ, ಏಕೆಂದರೆ ವಿಲೀನದ ಮಾತುಕತೆ ಶುರುವಾದ ಮೇಲೆ ಅವುಗಳತ್ತ ಗಮನ ಕೊಡಲು ಯಾರಿಗೂ ಬಿಡುವು ಇರುವುದಿಲ್ಲ.

ಫೈ ಎಪ್ಸಿಲಾನ್ ಪೈ ಈ ವಿಷಯದಲ್ಲಿ ಅದೃಷ್ಟ ಮಾಡಿತ್ತು. ಅದರ ಕಡತಗಳು ಅಮೆರಿಕನ್ ಜ್ಯೂಯಿಶ್ ಹಿಸ್ಟಾರಿಕಲ್ ಸೊಸೈಟಿಯ ಸಂಗ್ರಹದಲ್ಲಿ ಉಳಿದಿವೆ. ಝೀಟಾ ಬೀಟಾ ಟೌ ಇಂದು ತಾನು ಐದು ಸಂಘಗಳು ಕೂಡಿ ಆದದ್ದೆಂದು ಹೇಳಿಕೊಳ್ಳುತ್ತದೆ, ಉಳಿದ ನಾಲ್ಕರ ಹೆಸರನ್ನೂ ತನ್ನ ಚರಿತ್ರೆಯಲ್ಲಿ ಸೇರಿಸಿದೆ. ಅಷ್ಟರ ಮಟ್ಟಿಗೆ ಅದು ಇತರ ಅನೇಕ ಸಂಘಗಳಿಗಿಂತ ಉದಾರವಾಗಿ ನಡೆದುಕೊಂಡಿದೆ. ಅದರ ಶಾಖೆಗಳು ಹೊಸ ಸದಸ್ಯರಿಗೆ ಸಂಘದ ಕಥೆ ಹೇಳುವಾಗ 1898ರ ಸೆಮಿನರಿಯಿಂದ ಮಾತ್ರ ಆರಂಭಿಸದೆ, 1904ರ ಸಿಟಿ ಕಾಲೇಜು, 1909ರ ಕೊಲಂಬಿಯಾ, 1911ರ ರಾಚೆಸ್ಟರ್, 1914ರ ವಾಷಿಂಗ್ಟನ್, ಈ ನಾಲ್ಕನ್ನೂ ಸಮಾನ ಆರಂಭಗಳೆಂದು ಕಲಿಸಬೇಕು, ಕನೆಕ್ಟಿಕಟ್ ಶಾಖೆಯ ಕಥೆಯನ್ನು ಪೂರ್ತಿಯಾಗಿ ಹೇಳಬೇಕು ಎಂಬುದು ನನ್ನ ಒತ್ತಾಯ.